ಮೀನಿನ ತೊಟ್ಟಿಗೂ ಹೆಪ್ಪು ಹಾಕಬೇಕು

ದಾವಣಗೆರೆಯ ನಮ್ಮ ಬೀದಿಯ ಒಂದು ಮನೆಗೆ ಹೋದ ಯುಗಾದಿಯಲ್ಲಿ ಅಕ್ವೇರಿಯಂ ಬಂತು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿ. ತಂದ ದಿನವೇ ನೀರು ತುಂಬಿ ಆರು ಗೋಲ್ಡ್‌ಫಿಶ್ ಬಿಟ್ಟರು. ಐದನೇ ದಿನ ಆ ಮನೆಯ ಹುಡುಗಿ ಓಡಿಬಂದು ನನ್ನನ್ನು ಕರೆದುಕೊಂಡು ಹೋದಳು. ಮೀನುಗಳು ಮೇಲೆ ಬಂದು, ನೀರಿನ ಅಂಚಿಗೆ ಬಾಯಿ ಹಚ್ಚಿ ಗಬಗಬ ಗಾಳಿ ನುಂಗುತ್ತಿದ್ದವು. ರೆಕ್ಕೆ ಮುದುಡಿತ್ತು, ಕಿವಿರಿನ ಅಂಚು ಕೆಂಪಾಗಿತ್ತು. ನೀರು ಮಾತ್ರ ತಿಳಿಯಾಗಿ ಫಳಫಳ ಹೊಳೆಯುತ್ತಿತ್ತು. ಮರುದಿನ ಬೆಳಗಾಗುವಷ್ಟರಲ್ಲಿ ನಾಲ್ಕು ಸತ್ತಿದ್ದವು, ಸಂಜೆಗೆ ಉಳಿದೆರಡೂ ಹೋದವು.

ಅಳುತ್ತಿದ್ದ ಹುಡುಗಿಗೆ ಅಜ್ಜಿ ಸಮಾಧಾನ ಹೇಳಿದರು: ‘ಮನಿಗೆ ಬರೋ ಕಂಟಕ ಮೀನು ತಗೊಂಡು ಹೋತು, ಬಿಡವ್ವಾ.’

ಈ ಮಾತನ್ನು ನಾನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಅರೊವಾನ, ಫ್ಲವರ್‌ಹಾರ್ನ್ ಮೀನುಗಳನ್ನು ವಾಸ್ತುವಿನ ಹೆಸರಲ್ಲೇ ಸಾವಿರಾರು ರೂಪಾಯಿಗೆ ಮಾರುತ್ತಾರೆ. ಅಜ್ಜಿಯ ಪ್ರೀತಿಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಮೀನು ಸತ್ತದ್ದೇ ಶುಭ ಅಂದುಕೊಂಡರೆ ನೀರಲ್ಲಿ ಏನಾಯಿತು ಅಂತ ಯಾರೂ ನೋಡುವುದಿಲ್ಲ. ಮುಂದಿನ ವಾರ ಇನ್ನೂ ಆರು ಮೀನು ಬರುತ್ತವೆ, ಅವೂ ಹಾಗೇ ಸಾಯುತ್ತವೆ.

ನೀರಲ್ಲಿ ಆಗಿದ್ದು ಇಷ್ಟು. ಮೀನು ತಿಂದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ನಮ್ಮ ಮೈಯಲ್ಲೂ ಹುಟ್ಟುತ್ತದೆ, ಆದರೆ ನಮ್ಮ ಪಿತ್ತಜನಕಾಂಗ ಅದನ್ನು ಯೂರಿಯಾ ಮಾಡಿ ಮೂತ್ರದಲ್ಲಿ ಕಳಿಸುತ್ತದೆ. ಮೀನಿಗೆ ಆ ಕಷ್ಟ ಬೇಕಿಲ್ಲ. ಸುತ್ತ ನೀರೇ ಇದೆ, ಕಿವಿರಿನಿಂದ ನೇರವಾಗಿ ಹೊರಗೆ ಬಿಡುತ್ತದೆ. ತುಂಗಭದ್ರೆಯಲ್ಲಿ, ಸೂಳೆಕೆರೆಯಲ್ಲಿ ಅದು ಎಲ್ಲೋ ಕರಗಿಹೋಗುತ್ತದೆ. ನಮ್ಮ ತೊಟ್ಟಿಯಲ್ಲಿರುವುದು ಸುಮಾರು 50 ಲೀಟರ್. ಅಲ್ಲಿ ಬಿಟ್ಟ ಅಮೋನಿಯಾ ಅಲ್ಲೇ ಸುತ್ತಿ ಮತ್ತೆ ಅದೇ ಕಿವಿರನ್ನು ಸುಡುತ್ತದೆ. ಇದಕ್ಕೆ ಬಣ್ಣವಿಲ್ಲ, ಹಾಗಾಗಿ ನೀರು ತಿಳಿಯಾಗಿದ್ದರೂ ವಿಷವಾಗಿರಬಹುದು.

ಇಲ್ಲಿಂದ ಮುಂದಿನದೇ ನನಗೆ ಬಹಳ ಇಷ್ಟದ ವಿಷಯ. ಒಂದು ಜಾತಿಯ ಬ್ಯಾಕ್ಟೀರಿಯಾ ಅಮೋನಿಯಾವನ್ನೇ ಉಂಡು ಬದುಕುತ್ತದೆ. ಅದು ಉಂಡು ಬಿಟ್ಟದ್ದು ನೈಟ್ರೈಟ್. ಅದೂ ವಿಷವೇ, ಮೀನಿನ ರಕ್ತಕ್ಕೆ ಸೇರಿ ಆಮ್ಲಜನಕ ಹೊರದಂತೆ ಮಾಡುತ್ತದೆ. ಇನ್ನೊಂದು ಜಾತಿ ಆ ನೈಟ್ರೈಟನ್ನು ಉಂಡು ನೈಟ್ರೇಟ್ ಮಾಡುತ್ತದೆ. ಇದು ಮೀನಿಗೆ ಅಷ್ಟು ಹಾನಿಯಿಲ್ಲದ್ದು, ಗಿಡಕ್ಕಂತೂ ಊಟ. ಮದುವೆ ಮನೆ ಊಟದ ಪಂಕ್ತಿ ನೆನೆಸಿಕೊಳ್ಳಿ. ಉಂಡವರು ಎದ್ದಮೇಲೆ ಒಬ್ಬರು ಎಲೆ ತೆಗೆಯಬೇಕು, ಇನ್ನೊಬ್ಬರು ನೆಲ ಒರೆಸಬೇಕು. ಇಬ್ಬರಲ್ಲಿ ಒಬ್ಬರು ಬಾರದಿದ್ದರೂ ಮುಂದಿನ ಪಂಕ್ತಿ ಕೂರುವ ಹಾಗಿಲ್ಲ. ಹೊಸ ತೊಟ್ಟಿಯಲ್ಲಿ ಇಬ್ಬರೂ ಇರುವುದಿಲ್ಲ. ಊಟದವರು ಮಾತ್ರ ಬಂದು ಕೂತಿರುತ್ತಾರೆ.

ಈ ಕೆಲಸದವರು ಬಹಳ ನಿಧಾನ. ಮೊಸರಿನ ಬ್ಯಾಕ್ಟೀರಿಯಾ ಬೆಚ್ಚಗಿನ ಹಾಲಲ್ಲಿ ಒಂದು ಗಂಟೆ ಆಸುಪಾಸಿನಲ್ಲಿ ಎರಡಾಗುತ್ತದೆ, ರಾತ್ರಿ ಹಾಕಿದ ಹೆಪ್ಪು ಬೆಳಗ್ಗೆ ಮೊಸರು. ಇವಕ್ಕೆ ಎರಡಾಗಲು ಅರ್ಧ ದಿನ, ಕೆಲವು ಸಲ ಒಂದು ದಿನಕ್ಕಿಂತ ಜಾಸ್ತಿ ಬೇಕು. ಅದಕ್ಕೇ ಹೊಸ ತೊಟ್ಟಿ ಪಳಗಲು 4ರಿಂದ 6 ವಾರ ಹಿಡಿಯುತ್ತದೆ. ಮೀನಿಲ್ಲದ ತೊಟ್ಟಿಗೆ ದಿನಾ ಚಿಟಿಕೆ ಆಹಾರ ಹಾಕಿ ಕೊಳೆಯಲು ಬಿಟ್ಟು ಫಿಲ್ಟರ್ ಓಡಿಸಿದರೆ ಸಾಕು, ಅವು ತಾವಾಗಿ ಬಂದು ನೆಲೆಸುತ್ತವೆ. ಬೇಗ ಆಗಬೇಕಾ? ಈ ಬ್ಯಾಕ್ಟೀರಿಯಾ ಮನೆ ಮಾಡಿಕೊಳ್ಳುವುದು ಫಿಲ್ಟರ್‌ನ ಸ್ಪಂಜಿನಲ್ಲಿ. ಆರೋಗ್ಯವಾಗಿರುವ ಹಳೆ ತೊಟ್ಟಿಯ ಕೊಳೆ ಸ್ಪಂಜನ್ನು ತಂದು ಹೊಸ ತೊಟ್ಟಿಯ ಫಿಲ್ಟರ್‌ಗೆ ಸೇರಿಸಿ. ಅದೇ ಹೆಪ್ಪು.

ಇದು ಜೀವಿಗಳ ಕೆಲಸ ಅಂತ ಗೊತ್ತಾದ ಕಥೆಯೂ ಚೆಂದ. 1877ರಲ್ಲಿ ಫ್ರಾನ್ಸಿನ ವಿಜ್ಞಾನಿಗಳಾದ ಶ್ಲೋಸಿಂಗ್ ಮತ್ತು ಮುಂಟ್ಸ್ ಚರಂಡಿ ನೀರನ್ನು ಮರಳು ತುಂಬಿದ ಕೊಳವೆಯಲ್ಲಿ ಹರಿಸಿದರು. ಸುಮಾರು 20 ದಿನ ಏನೂ ಆಗಲಿಲ್ಲ. ಆಮೇಲೆ ಅಮೋನಿಯಾ ಕಡಿಮೆಯಾಗಿ ನೈಟ್ರೇಟ್ ಕಾಣಿಸಿಕೊಂಡಿತು. ಜೀವಿಗಳನ್ನು ಮಂಕಾಗಿಸುವ ಕ್ಲೋರೋಫಾರ್ಮ್ ಹಾಯಿಸಿದಾಗ ಕೆಲಸ ನಿಂತೇಹೋಯಿತು. ಅಂದರೆ ಮರಳಿನಲ್ಲಿ ಜೀವವಿತ್ತು. ಇಂಗ್ಲೆಂಡಿನಲ್ಲಿ ಇದರ ಬೆನ್ನು ಹತ್ತಿದವರು ರಾಬರ್ಟ್ ವಾರಿಂಗ್ಟನ್. ಅವರ ತಂದೆಯ ಹೆಸರೂ ರಾಬರ್ಟ್ ವಾರಿಂಗ್ಟನ್. ಗೋಲ್ಡ್‌ಫಿಶ್, ನೀರುಗಿಡ, ಬಸವನಹುಳು ಮೂರನ್ನೂ ಒಂದೇ ಪಾತ್ರೆಯಲ್ಲಿ ಸಮತೋಲದಲ್ಲಿ ಸಾಕಬಹುದು ಅಂತ 1850ರಲ್ಲಿ ಬರೆದು ತಿಳಿಸಿದವರು ಆ ತಂದೆ. ಅಪ್ಪ ಕಟ್ಟಿದ ತೊಟ್ಟಿಯೊಳಗೆ ನಡೆಯುತ್ತಿದ್ದ ಗುಟ್ಟನ್ನೇ ಮಗ ಹೊಲದ ಮಣ್ಣಿನಲ್ಲಿ ಹುಡುಕಿದ! ಮಗನಿಗೆ ಆ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಲು ಆಗಲಿಲ್ಲ. 1890ರಲ್ಲಿ ಅದನ್ನು ಮಾಡಿದವರು ರಷ್ಯಾದ ವಿನೊಗ್ರಾಡ್‌ಸ್ಕಿ.

ಹೊಲದ ಮಣ್ಣು ಅಂದೆ, ಅಲ್ವಾ? ನಮ್ಮ ಮೆಕ್ಕೆಜೋಳಕ್ಕೆ ಹಾಕುವ ಯೂರಿಯಾ ಮೊದಲು ಅಮೋನಿಯಾ ಆಗುತ್ತದೆ. ಆ ಅಮೋನಿಯಾ ನೈಟ್ರೇಟ್ ಆಗುವುದೂ ಇದೇ ಬಳಗದ ಬ್ಯಾಕ್ಟೀರಿಯಾದಿಂದ. ಯೂರಿಯಾಕ್ಕೆ ಬೇವಿನ ಎಣ್ಣೆ ಲೇಪಿಸುವುದು ಇವುಗಳ ಕೆಲಸ ಸ್ವಲ್ಪ ನಿಧಾನವಾಗಲಿ, ಗೊಬ್ಬರ ಪೋಲಾಗದಿರಲಿ ಅಂತ. ಚಿತ್ರದುರ್ಗದ ಕೋಟೆಯಲ್ಲಿ ಸಿಡಿಮದ್ದು ಬೀಸುವ ಕಲ್ಲುಗಳನ್ನು ನೋಡಿದ್ದೀರಲ್ಲ? ಆ ಮದ್ದಿನಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಪೆಟ್ಲುಪ್ಪು, ಅದೂ ಒಂದು ನೈಟ್ರೇಟೇ. ಹಿಂದೆ ನಮ್ಮ ದೇಶದಲ್ಲಿ ಪೆಟ್ಲುಪ್ಪನ್ನು ದನ ಕಟ್ಟುವ ಜಾಗದ ಗಂಜಲ ಕುಡಿದ ಮಣ್ಣಿನಿಂದ ತೊಳೆದು ತೆಗೆಯುತ್ತಿದ್ದರು. ಆ ಮಣ್ಣಲ್ಲಿ ನೈಟ್ರೇಟ್ ಮಾಡಿಟ್ಟವರೂ ಇವರೇ. ಕೋಟೆಯ ತೋಪು ಹಾರಿದ್ದು, ಜೋಳ ಬೆಳೆಯುವುದು, ಮೀನು ಬದುಕುವುದು ಒಂದೇ ಬಳಗದ ದುಡಿಮೆಯಿಂದ.

ಈಗ ಇದನ್ನೆಲ್ಲ ನಾವು ಹೇಗೆ ಕೊಲ್ಲುತ್ತೇವೆ ನೋಡಿ. ಭಾನುವಾರ ತೊಟ್ಟಿ ಪೂರ್ತಿ ಖಾಲಿ ಮಾಡಿ, ಕಲ್ಲುಗಳನ್ನು ಸೋಪು ಹಾಕಿ ತಿಕ್ಕಿ, ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ಬೆಳ್ಳಗಾಗುವ ತನಕ ಹಿಂಡುತ್ತೇವೆ. ನಗರದ ನಲ್ಲಿ ನೀರಿಗೆ ಕ್ಲೋರಿನ್ ಹಾಕುವುದೇ ಬ್ಯಾಕ್ಟೀರಿಯಾ ಕೊಲ್ಲಲು. ಹಾಗೆ ಮಾಡಬೇಡಿ, ದಯವಿಟ್ಟು. ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆಯಿರಿ. ತೆಗೆದ ಆ ನೀರಲ್ಲೇ ಸ್ಪಂಜನ್ನು ಎರಡು ಸಲ ಮೆಲ್ಲಗೆ ಹಿಂಡಿ. ಅದು ಕಂದು ಬಣ್ಣದಲ್ಲೇ ಇರಲಿ. ಹೊಸ ನೀರನ್ನು ಒಂದು ದಿನ ಬಕೆಟ್‌ನಲ್ಲಿ ಬಿಟ್ಟು ಸುರಿಯಿರಿ, ಇಲ್ಲವೇ ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹಾಕಿ.

ನಮ್ಮ ಕಡೆಯ ಬೋರ್ ನೀರಿನ ಮಾತು ಬೇರೆ. ಕ್ಲೋರಿನ್ ಇಲ್ಲ, ಆದರೆ ಗಡಸು ಜಾಸ್ತಿ, ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಕೂಡ ಸಾಮಾನ್ಯವಾಗಿ 7ಕ್ಕಿಂತ ಮೇಲೆ. ಪಿಎಚ್ 7 ಇರುವ 25 ಡಿಗ್ರಿಯ ನೀರಲ್ಲಿ ಅಮೋನಿಯಾದ ಸುಮಾರು ಶೇ 0.5ರಷ್ಟು ಮಾತ್ರ ಘೋರ ವಿಷದ ರೂಪದಲ್ಲಿರುತ್ತದೆ. ಪಿಎಚ್ 8 ಆದರೆ ಸುಮಾರು ಶೇ 5, ಅಂದರೆ ಹತ್ತು ಪಟ್ಟು. ಹಾಗಾಗಿ ಇಲ್ಲಿ ಆತುರಪಟ್ಟವರಿಗೆ ಪೆಟ್ಟು ಹೆಚ್ಚು. ನಿಯಾನ್ ಟೆಟ್ರಾದಂಥ ಮೆದು ನೀರಿನ ಮೀನು ಬೇಡ. ಮೋಲಿ, ಗಪ್ಪಿ, ಪ್ಲಾಟಿ ಗಡಸು ನೀರಲ್ಲೇ ಗಟ್ಟಿಮುಟ್ಟಾಗಿ ಬೆಳೆಯುತ್ತವೆ. ಗೋಲ್ಡ್‌ಫಿಶ್‌ಗೆ ಎರಡಡಿ ತೊಟ್ಟಿ ಸಾಲದು, ಅದು ಕೊಳವೇ ಬೇಕಾದಷ್ಟು ದೊಡ್ಡದಾಗುವ ಮೀನು. ಏಪ್ರಿಲ್ ಬಿಸಿಲಲ್ಲಿ ಕರೆಂಟು ಹೋದರೆ ಇನ್ನೂ ಹುಷಾರು. ಬಿಸಿ ನೀರಲ್ಲಿ ಆಮ್ಲಜನಕ ಕಡಿಮೆ, ಅದು ಬೇಕಾಗಿರುವುದು ಮೀನಿಗೆ ಮಾತ್ರವಲ್ಲ, ಸ್ಪಂಜಿನೊಳಗಿನ ಬ್ಯಾಕ್ಟೀರಿಯಾಕ್ಕೂ. ಬ್ಯಾಟರಿಯ ಚಿಕ್ಕ ಏರ್ ಪಂಪ್ ಒಂದನ್ನು ಇಟ್ಟುಕೊಳ್ಳಿ.

ಆ ಹುಡುಗಿಗೆ ನನ್ನ ತೊಟ್ಟಿಯ ಒಂದು ಸ್ಪಂಜ್ ಕೊಟ್ಟೆ, ಒಣಗದ ಹಾಗೆ ತೊಟ್ಟಿ ನೀರಲ್ಲೇ ಮುಳುಗಿಸಿ, ಹಳೆ ಟಿಫಿನ್ ಡಬ್ಬಿಯಲ್ಲಿ. ಮೊದಲು ಎರಡೇ ಕಪ್ಪು ಮೋಲಿ ಬಿಟ್ಟಳು. ಎರಡು ನಿಮಿಷದಲ್ಲಿ ಮುಗಿಯುವಷ್ಟೇ ಆಹಾರ ಹಾಕಿದಳು. ಮೂರು ವಾರ ಬಿಟ್ಟು ಇನ್ನೆರಡು ಬಂದವು. ದಸರಾ ಹೊತ್ತಿಗೆ ಗಿಡದ ಬುಡದಲ್ಲಿ ಸಣ್ಣಸಣ್ಣ ಮರಿಗಳು ಓಡಾಡುತ್ತಿದ್ದವು.

ಅವರ ಅಂಗಳದ ದಾಸವಾಳಕ್ಕೆ ಈಗ ವಾರಕ್ಕೊಂದು ಬಕೆಟ್ ನೈಟ್ರೇಟ್ ನೀರು ಸಿಗುತ್ತದೆ. ಭಾನುವಾರ ಬೆಳಗ್ಗೆ ಚೆಂಬು ಹಿಡಿದು ಕಾಯುವವರು ಅಜ್ಜಿಯೇ. ‘ತೊಟ್ಟಿ ನೀರು ಚೆಲ್ಲಬ್ಯಾಡವ್ವಾ, ಗಿಡಕ್ಕ ಬೇಕು.’