ಇಲೆವೆನ್ ಪ್ಲಸ್ ಪಾಸಾದರೂ ಸೀಟು ಯಾಕೆ ಸಿಗಲ್ಲ?

ಅಕ್ಟೋಬರ್ ಬಂತೆಂದರೆ ಇಂಗ್ಲೆಂಡಿನಲ್ಲಿರುವ ನಮ್ಮ ಕನ್ನಡದ ಮನೆಗಳಲ್ಲೂ ಇದೇ ಮಾತು. ಗ್ರಾಮರ್ ಸ್ಕೂಲ್ ಅಂದರೆ ಪರೀಕ್ಷೆ ಮಾಡಿ ಮಕ್ಕಳನ್ನು ಆರಿಸಿಕೊಳ್ಳುವ ಸರ್ಕಾರಿ ಹೈಸ್ಕೂಲು, ಇಲೆವೆನ್ ಪ್ಲಸ್ ಅಂದರೆ ಆ ಪರೀಕ್ಷೆ. ಮಗಳು ಇಲೆವೆನ್ ಪ್ಲಸ್ ಪಾಸಾಗಿದ್ದಾಳೆ, ಗ್ರಾಮರ್ ಸ್ಕೂಲ್ ಸೀಟು ಮಾತ್ರ ಗ್ಯಾರಂಟಿ ಇಲ್ಲ. ಪಾಸಾದ ಮೇಲೆ ಇನ್ನೇನು ಅಂತ ಊರಿನಿಂದ ಅಜ್ಜಿ ಫೋನಿನಲ್ಲಿ ಕೇಳಿದರೆ ಉತ್ತರ ಹೇಳುವುದು ಕಷ್ಟ.

1944ರ ಶಿಕ್ಷಣ ಕಾಯ್ದೆ ಬಂದ ಮೇಲೆ ಹತ್ತು–ಹನ್ನೊಂದರ ಮಕ್ಕಳನ್ನು ಪರೀಕ್ಷೆ ಮಾಡಿ, ಹೆಚ್ಚುಕಮ್ಮಿ ನಾಲ್ಕರಲ್ಲಿ ಒಬ್ಬರನ್ನು ಗ್ರಾಮರ್‌ಗೆ ಕಳಿಸುತ್ತಿದ್ದರು. 1965ರಲ್ಲಿ ಸರ್ಕಾರ ಇದನ್ನು ಬಿಡಿ ಅಂತ ಸುತ್ತೋಲೆ ಕಳಿಸಿತು. ಬಹಳ ಕಡೆ ಬಿಟ್ಟರು, ಕೆಂಟ್, ಬಕಿಂಗ್‌ಹ್ಯಾಮ್‌ಶೈರ್‌ನಂಥ ಕಡೆ ಬಿಡಲಿಲ್ಲ. 1998ರ ಕಾಯ್ದೆ ಹೊಸ ಗ್ರಾಮರ್ ತೆರೆಯುವುದನ್ನೇ ನಿಲ್ಲಿಸಿತು. ಈಗ ಉಳಿದಿರುವುದು 163.

ಈ ನಡುವೆ 1980ರ ಕಾನೂನು ಅಪ್ಪ ಅಮ್ಮಂದಿರಿಗೆ ಯಾವ ಶಾಲೆ ಇಷ್ಟ ಅಂತ ಹೇಳುವ ಹಕ್ಕು ಕೊಟ್ಟಿತು. ಹೇಳುವ ಹಕ್ಕು ಅಷ್ಟೇ, ಸೀಟಿನ ಹಕ್ಕಲ್ಲ. 1989ರಲ್ಲಿ ಗ್ರೀನಿಚ್ ಕೇಸಿನ ತೀರ್ಪು ಬಂತು: ನಮ್ಮ ಕೌನ್ಸಿಲ್‌ನವರಲ್ಲ (ಅಂದರೆ ನಮ್ಮ ಸ್ಥಳೀಯ ಆಡಳಿತದ ವ್ಯಾಪ್ತಿಯವರಲ್ಲ) ಅನ್ನುವ ಒಂದೇ ಕಾರಣಕ್ಕೆ ಮಗುವನ್ನು ಹಿಂದಕ್ಕೆ ತಳ್ಳುವಂತಿಲ್ಲ. ಸೀಟು ಅಷ್ಟೇ ಇತ್ತು, ಕೇಳುವವರು ಜಾಸ್ತಿಯಾದರು.

ಬೇಕಾದ ಶಾಲೆಗಳನ್ನು ಇಷ್ಟದ ಕ್ರಮದಲ್ಲಿ ಬರೆದು ಕೊಡುವ ಆಗಿನ ಅರ್ಜಿ ಫಾರ್ಮ್ ತುಂಬುವುದು ಒಂಥರಾ ಜೂಜೇ. ಕೆಲವು ಶಾಲೆಗಳು ತಮ್ಮನ್ನು ಮೊದಲ ಸಾಲಿನಲ್ಲಿ ಬರೆದವರನ್ನೇ ಮೊದಲು ನೋಡುತ್ತಿದ್ದವು. ಧೈರ್ಯ ಮಾಡಿ ಗ್ರಾಮರ್ ಅನ್ನು ಮೇಲೆ ಬರೆದು, ಅದು ಕೈತಪ್ಪಿದರೆ, ಮನೆ ಪಕ್ಕದ ಒಳ್ಳೆಯ ಶಾಲೆಯೂ ಅಷ್ಟರಲ್ಲಿ ತುಂಬಿಹೋಗಿರುತ್ತಿತ್ತು. 2007ರ ನಿಯಮಾವಳಿ ಇದನ್ನು ನಿಷೇಧಿಸಿತು. ಈಗ ಲಂಡನ್ನಿನ ಫಾರ್ಮಿನಲ್ಲಿ ಆರು ಸಾಲು ಇರುತ್ತವೆ, ನೀವು ಎಷ್ಟನೆಯದಾಗಿ ಬರೆದಿರಿ ಅನ್ನುವುದನ್ನು ಶಾಲೆ ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ಎರಡು ಶಾಲೆಯಲ್ಲಿ ಜಾಗ ಬಂದರೆ ಕೌನ್ಸಿಲ್ ಮೇಲಿನದನ್ನು ಕೊಟ್ಟು ಕೆಳಗಿನದನ್ನು ಬೇರೆಯವರಿಗೆ ಬಿಡುತ್ತದೆ. ಹಾಗಾಗಿ ನಿಜವಾಗಿ ಬೇಕಾದದ್ದನ್ನೇ ಮೇಲೆ ಬರೆದರೆ ನಷ್ಟವಿಲ್ಲ. ಆದರೂ ಹಳೆಯ ಭಯ ಹೋಗಿಲ್ಲ, ಈಗಲೂ "ಸೇಫ್ ಆಗಿ ಬರೀರಿ" ಅಂತ ಸಲಹೆ ಕೊಡುವವರು ಎಲ್ಲ ಪಾರ್ಟಿಯಲ್ಲೂ ಒಬ್ಬರಿರುತ್ತಾರೆ.

ಹಾಗಾದರೆ ಪಾಸಾದ ಮಗು ಎಲ್ಲಿ ಸಿಕ್ಕಿಬೀಳುತ್ತದೆ? ಕೆಲವು ಶಾಲೆಗಳು ಅಂಕದ ಮೇಲೆ ಸಾಲು ನಿಲ್ಲಿಸುತ್ತವೆ, ಅಲ್ಲಿ ಪಾಸು ಅನ್ನುವುದಕ್ಕೆ ಹೆಚ್ಚು ಅರ್ಥವಿಲ್ಲ. ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿ 121 ಬಂದರೆ ಪಾಸು, ಆಮೇಲೆ ಮುಖ್ಯವಾಗಿ ನೋಡುವುದು ಮನೆ ಶಾಲೆಯ ವ್ಯಾಪ್ತಿಯಲ್ಲಿದೆಯಾ, ಎಷ್ಟು ದೂರ ಅನ್ನುವುದನ್ನು. 121 ತೆಗೆದ ಪಕ್ಕದ ರಸ್ತೆಯ ಹುಡುಗ ಒಳಗೆ, 135 ತೆಗೆದು ದೂರದಲ್ಲಿರುವವಳು ಹೊರಗೆ. ಮಗುವಿನ ಪರೀಕ್ಷೆ ಮುಗಿದ ಮೇಲೆ ಅಪ್ಪ ಅಮ್ಮನ ಬಾಡಿಗೆಯ ಪರೀಕ್ಷೆ, ಅಲ್ವಾ?

ಫಾರ್ಮ್ ಕೊಡಲು ಅಕ್ಟೋಬರ್ 31 ಕೊನೆಯ ದಿನ, ಉತ್ತರ ಬರುವುದು ಮಾರ್ಚ್ 1ಕ್ಕೆ. ಸಿಗದಿದ್ದರೆ ವೇಯ್ಟಿಂಗ್ ಲಿಸ್ಟ್. ಆ ಪಟ್ಟಿಯಲ್ಲಿ ಮೊದಲು ಬಂದವರಿಗೆ ಮೊದಲು ಅನ್ನುವುದಿಲ್ಲ, ಹೊಸ ಹೆಸರು ಸೇರಿದಾಗಲೆಲ್ಲ ಅದೇ ನಿಯಮದಂತೆ ಮತ್ತೆ ಜೋಡಿಸುತ್ತಾರೆ. ಶಾಲೆಯ ಹತ್ತಿರಕ್ಕೆ ಇಬ್ಬರು ಮನೆ ಬದಲಿಸಿ ಬಂದರೆ ಏಪ್ರಿಲಿನಲ್ಲಿ 9 ಇದ್ದ ನಿಮ್ಮ ನಂಬರ್ ಮೇ ತಿಂಗಳಲ್ಲಿ 11 ಆಗಿರುತ್ತದೆ.