ಬಾಯಿ ವಾಸನೆಗೆ ಹೊಟ್ಟೆಯನ್ನು ದೂರುವ ಮುನ್ನ

ಬೆಂಗಳೂರಿನ ಯಾವುದೇ ಬಡಾವಣೆಯ ಔಷಧಿ ಅಂಗಡಿಯಲ್ಲಿ ಬಾಯಿ ವಾಸನೆಗೆ ಏನಾದರೂ ಕೊಡಿ ಎಂದು ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು ಪುದೀನ ಪರಿಮಳದ ಮೌತ್‌ವಾಶ್, ಇಲ್ಲವೇ ಗ್ಯಾಸ್ಟ್ರಿಕ್ ಮಾತ್ರೆ. ಮೊದಲನೆಯದು ವಾಸನೆಯನ್ನು ಸ್ವಲ್ಪ ಹೊತ್ತು ಮುಚ್ಚಿಡುತ್ತದೆ. ಎರಡನೆಯದರ ಹಿಂದೆ, ಹೊಟ್ಟೆ ಕೆಟ್ಟಿರುವುದರಿಂದಲೇ ಬಾಯಿ ನಾರುತ್ತದೆ ಎಂಬ ಗಟ್ಟಿ ನಂಬಿಕೆಯಿದೆ. ಆದರೆ ಗಂಟಲಿನಿಂದ ಜಠರಕ್ಕೆ ಇಳಿಯುವ ಅನ್ನನಾಳ ಸದಾ ತೆರೆದಿರುವ ಕೊಳವೆಯಲ್ಲ. ನುಂಗುವ ಹೊತ್ತನ್ನು ಬಿಟ್ಟರೆ ಅದು ಖಾಲಿಯಾದ ಹಾಲಿನ ಪ್ಯಾಕೆಟ್ಟಿನಂತೆ ಅಂಟಿಕೊಂಡು ಮಲಗಿರುತ್ತದೆ, ಅದರ ಮೇಲೂ ಕೆಳಗೂ ಸ್ನಾಯುಗಳ ಬಿಗಿ ಬಾಗಿಲುಗಳಿವೆ. ತೇಗು ಬಂದಾಗಲೋ ತೀವ್ರವಾದ ಹುಳಿತೇಗಿನ ಕಾಯಿಲೆ ಇದ್ದಾಗಲೋ ಕೆಳಗಿನ ಗಾಳಿ ಮೇಲೆ ಬರುವುದುಂಟು. ಆದರೆ ದಿನವಿಡೀ, ತಿಂಗಳುಗಟ್ಟಲೆ ಕಾಡುವ ವಾಸನೆಗೆ ಜಠರ ಕಾರಣವಾಗುವುದು ಅಪರೂಪ.

ಹಾಗಾದರೆ ಅದು ಹುಟ್ಟುವುದು ಎಲ್ಲಿ? ಬೆಲ್ಜಿಯಂನ ಲೂವೆನ್‌ನಲ್ಲಿ ಇದಕ್ಕೆಂದೇ ನಡೆಯುವ ಚಿಕಿತ್ಸಾಲಯಕ್ಕೆ ಬಂದ 2,000 ರೋಗಿಗಳ ವಿವರಗಳು 2009ರಲ್ಲಿ ಪ್ರಕಟವಾದವು. ಅವರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿಯ ತೊಂದರೆಗೆ ಬಾಯಿಯೇ ಮೂಲವಾಗಿತ್ತು, ಸುಮಾರು ಶೇ. 43 ಮಂದಿಯಲ್ಲಿ ನಾಲಿಗೆಯ ಮೇಲಿನ ಲೇಪವೊಂದೇ ಕಾರಣವಾಗಿತ್ತು. ಬಾಯಿಯೇ ಮೂಲವಾಗಿದ್ದ ಉಳಿದವರಲ್ಲಿ ಒಸಡಿನ ಕಾಯಿಲೆ ಇಲ್ಲವೇ ಅದೂ ನಾಲಿಗೆಯ ಲೇಪವೂ ಕೂಡಿಕೊಂಡದ್ದು ಮುಖ್ಯವಾಗಿದ್ದವು.

ವಾಸನೆಯ ರಸಾಯನವನ್ನು ಬಿಡಿಸಿದವರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಜೋಸೆಫ್ ಟಾನ್ಜೆಟಿಚ್ ಪ್ರಮುಖರು. 1960 ಮತ್ತು 70ರ ದಶಕಗಳಲ್ಲಿ ಅವರು ಬಾಯಿಯ ಗಾಳಿಯನ್ನು, ಬೆರೆತ ಅನಿಲಗಳನ್ನು ಬೇರ್ಪಡಿಸಿ ಗುರುತಿಸುವ ಗ್ಯಾಸ್ ಕ್ರೊಮಟೋಗ್ರಫಿಗೆ ಒಡ್ಡಿ, ದುರ್ವಾಸನೆಯ ಬಹುಪಾಲು ಗಂಧಕವಿರುವ ಮೂರು ಅನಿಲಗಳಿಂದ ಬರುತ್ತದೆ ಎಂದು ತೋರಿಸಿದರು: ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್, ಅದಕ್ಕಿಂತಲೂ ಅಸಹನೀಯವಾದ ಮೀಥೈಲ್ ಮರ್ಕ್ಯಾಪ್ಟನ್, ಸ್ವಲ್ಪ ಪ್ರಮಾಣದಲ್ಲಿ ಡೈಮೀಥೈಲ್ ಸಲ್ಫೈಡ್. ಇವನ್ನು ತಯಾರಿಸುವುದು ಆಮ್ಲಜನಕ ತಾಕದ ಮೂಲೆಗಳಲ್ಲಿ ಬದುಕುವ ಬ್ಯಾಕ್ಟೀರಿಯಾಗಳು. ಉದುರಿದ ಜೀವಕೋಶ, ಆಹಾರದ ಚೂರು, ಮೂಗಿನ ಹಿಂಭಾಗದಿಂದ ಇಳಿಯುವ ಸಿಂಬಳ, ಒಸಡಿನಿಂದ ಜಿನುಗುವ ರಕ್ತ ಇವುಗಳಲ್ಲಿರುವ ಪ್ರೋಟೀನನ್ನು ಅವು ಒಡೆಯುತ್ತವೆ. ಪ್ರೋಟೀನಿನ ಭಾಗವಾದ ಸಿಸ್ಟೀನ್‌ನಿಂದ ಹೈಡ್ರೋಜನ್ ಸಲ್ಫೈಡೂ ಮೆಥಿಯೊನಿನ್‌ನಿಂದ ಮೀಥೈಲ್ ಮರ್ಕ್ಯಾಪ್ಟನ್ನೂ ಹೊರಬರುತ್ತವೆ. ಆದ್ದರಿಂದ ಬಾಯಿ ವಾಸನೆಯ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ, ಪ್ರೋಟೀನು ಗಾಳಿಯಾಡದೆ ಎಲ್ಲಿ ಕೊಳೆಯುತ್ತಿದೆ ಎಂಬುದು.

ಮೊದಲ ಜಾಗ ನಾಲಿಗೆಯ ಹಿಂಭಾಗ. ಮುಂಭಾಗ ಹಲ್ಲಿಗೂ ಅಂಗುಳಿಗೂ ಉಜ್ಜಿಕೊಂಡು ತಾನಾಗಿಯೇ ಶುಚಿಯಾಗುತ್ತಿರುತ್ತದೆ; ಹಿಂಭಾಗದಲ್ಲಿ ಆ ತಿಕ್ಕಾಟವಿಲ್ಲ, ಸಣ್ಣ ಉಬ್ಬುಗಳ ನಡುವಿನ ಸಂದುಗಳಲ್ಲಿ ಬಿಳಿ ಅಥವಾ ಹಳದಿ ಲೇಪ ಕೂರುತ್ತದೆ. ನಾಲಿಗೆ ಉಜ್ಜುವ ಅಭ್ಯಾಸ ನಮ್ಮ ಮನೆಗಳಲ್ಲಿ ಹಳೆಯದು. ಬೆಳಗಿನ ಹೊತ್ತು ಪಕ್ಕದ ಮನೆಯ ಬಚ್ಚಲಿನಿಂದ ಕೇಳುವ ಓಕರಿಕೆಯ ಸದ್ದು ಅದಕ್ಕೆ ಸಾಕ್ಷಿ. ಆದರೆ ಸದ್ದಿಗೂ ಶುಚಿಗೂ ಸಂಬಂಧವಿಲ್ಲ. ಬಾಗಿದ ಸ್ಟೀಲು ಅಥವಾ ತಾಮ್ರದ ಪಟ್ಟಿಯನ್ನು ಸಾಧ್ಯವಾದಷ್ಟು ಹಿಂದೆ ಇಟ್ಟು, ನಾಲಿಗೆಯನ್ನು ಚಾಚಿ, ಉಸಿರು ಹೊರಬಿಡುತ್ತಾ, ಹಗುರವಾಗಿ ನಾಲ್ಕಾರು ಬಾರಿ ಮುಂದಕ್ಕೆ ಎಳೆದರೆ ಸಾಕು. ರಕ್ತ ಬರುವಂತೆ ಕೆರೆಯುವುದರಿಂದ ನೋವಷ್ಟೇ ಉಳಿಯುತ್ತದೆ. ಇನ್ನು, ನಾಲಿಗೆಯ ತೀರಾ ಹಿಂದೆ ಸಾಲಾಗಿ ಕಾಣುವ ದೊಡ್ಡ ಗುಳ್ಳೆಗಳು ಎಲ್ಲರಲ್ಲೂ ಇರುವಂಥವು, ಅವನ್ನು ಉಜ್ಜಿ ತೆಗೆಯಲು ಹೋಗಬಾರದು.

ಎರಡನೆಯದು ಒಸಡು. ಹಲ್ಲಿನ ಬುಡದಲ್ಲಿ ಪಾಚಿ ಗಟ್ಟಿಯಾಗಿ ಗಾರೆಯಾದರೆ ಒಸಡು ಹಲ್ಲಿನಿಂದ ಬಿಟ್ಟುಕೊಂಡು ಆಳವಾದ ಚೀಲಗಳಾಗುತ್ತವೆ. ಬ್ರಷ್ಷಿನ ಎಳೆ ಅಲ್ಲಿಗೆ ತಲುಪುವುದಿಲ್ಲ; ಒಸಡಿನ ಕಾಯಿಲೆ ಇರುವವರ ಬಾಯಲ್ಲಿ ಮೀಥೈಲ್ ಮರ್ಕ್ಯಾಪ್ಟನ್ನಿನ ಪಾಲು ಹೆಚ್ಚಿರುವುದೂ ಇದಕ್ಕೇ. ಬ್ರಷ್ ಮಾಡುವಾಗ ರಕ್ತ ಬಂದರೆ ಅದು ಉಷ್ಣ ಎಂದು ಮಜ್ಜಿಗೆ ಕುಡಿದು ಸುಮ್ಮನಾಗುವವರನ್ನು ನೋಡಿದಾಗ ಬೇಸರವಾಗುತ್ತದೆ, ಏಕೆಂದರೆ ಆ ಹಂತದಲ್ಲಿ ಗಾರೆ ಕೆರೆದು ತೆಗೆಯುವ ಒಂದು ಸ್ಕೇಲಿಂಗ್‌ನಿಂದ ಸರಿಹೋಗಬಹುದಾದದ್ದು ಕೆಲವು ವರ್ಷಗಳಲ್ಲಿ ಮೂಳೆಯನ್ನೇ ಕರಗಿಸಿ ಹಲ್ಲು ಅಲುಗಾಡಿಸುತ್ತದೆ. ಸ್ಕೇಲಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಮಾತೂ ಚಾಲ್ತಿಯಲ್ಲಿದೆ. ವಾಸ್ತವದಲ್ಲಿ ಹಲ್ಲನ್ನು ಸಡಿಲಗೊಳಿಸಿದ್ದು ಕಾಯಿಲೆ, ಅದನ್ನು ಅಲ್ಲಿಯವರೆಗೆ ಮರೆಮಾಡಿದ್ದು ಗಾರೆ. ತಂಬಾಕು ಮತ್ತು ಗುಟ್ಕಾ ಈ ಕಾಯಿಲೆಯನ್ನು ಉಲ್ಬಣಗೊಳಿಸುತ್ತವೆ. ಸಿಗರೇಟು ಸೇದುವವರಲ್ಲಂತೂ ಒಸಡಿನಿಂದ ರಕ್ತ ಬರುವುದು ಕಡಿಮೆಯಾಗಿ, ಎಚ್ಚರಿಕೆಯ ಮೊದಲ ಗುರುತೇ ಮಾಸಿಹೋಗುತ್ತದೆ.

ಇಷ್ಟೆಲ್ಲಕ್ಕೂ ಕಾವಲಾಗಿರುವುದು ಜೊಲ್ಲು. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಹರಿಯುವ ಅದು ಬಾಯಿಯನ್ನು ತೊಳೆಯುತ್ತದೆ, ಆಮ್ಲಜನಕವನ್ನೂ ತರುತ್ತದೆ. ನಿದ್ದೆಯಲ್ಲಿ ಹರಿವು ಬಹುಮಟ್ಟಿಗೆ ನಿಲ್ಲುವುದರಿಂದಲೇ ಬೆಳಗ್ಗೆ ಎದ್ದಾಗ ಎಲ್ಲರ ಬಾಯೂ ನಾರುತ್ತದೆ. ಅದು ರೋಗವಲ್ಲ, ತಿಂಡಿಯ ಹೊತ್ತಿಗೆ ಹೋಗಿಬಿಡುತ್ತದೆ. ಬೆಂಗಳೂರಿನವರ ಕಷ್ಟ ಇಲ್ಲಿ ಸ್ವಲ್ಪ ಬೇರೆ. ಕಾಂಗ್ರೆಸ್ ಗಿಡದ ಪರಾಗ, ರಸ್ತೆಯ ದೂಳು, ಗೋಡೆಯ ಬೂಷ್ಟು ಸೇರಿ ಈ ಊರಿನಲ್ಲಿ ಮೂಗಿನ ಅಲರ್ಜಿ ಮನೆಮನೆಯ ಮಾತಾಗಿದೆ. ಮೂಗು ಕಟ್ಟಿದವರು ರಾತ್ರಿ ಬಾಯಿಂದ ಉಸಿರಾಡುತ್ತಾರೆ, ಬಾಯಿ ಒಣಗುತ್ತದೆ. ಗಂಟಲಿಗೆ ಇಳಿದ ಸಿಂಬಳ ನಾಲಿಗೆಯ ಹಿಂಭಾಗದ ಬ್ಯಾಕ್ಟೀರಿಯಾಗಳಿಗೆ ಪ್ರೋಟೀನು ಒದಗಿಸುತ್ತದೆ. ಅಲರ್ಜಿಗೆಂದು ನುಂಗುವ ಹಲವು ಮಾತ್ರೆಗಳು ಜೊಲ್ಲನ್ನು ಇನ್ನಷ್ಟು ತಗ್ಗಿಸುತ್ತವೆ. ಖಿನ್ನತೆಗೆ ಮತ್ತು ರಕ್ತದೊತ್ತಡಕ್ಕೆ ಕೊಡುವ ಕೆಲವು ಔಷಧಗಳಿಗೂ ಇದೇ ಗುಣವಿದೆ. ಅವನ್ನು ತಾವಾಗಿಯೇ ನಿಲ್ಲಿಸುವುದು ಅಪಾಯ, ಆದರೆ ವೈದ್ಯರನ್ನು ಕೇಳಿ ಬದಲಿಸಿಕೊಳ್ಳಬಹುದು.

ಮೂಗು ಗಂಟಲುಗಳಲ್ಲೂ ಮೂಲ ಇರಬಹುದು. ಟಾನ್ಸಿಲ್ಲಿನ ಕುಳಿಗಳಲ್ಲಿ ಸಿಕ್ಕಿಕೊಂಡು ಗಟ್ಟಿಯಾಗುವ ಬಿಳಿ ಹರಳುಗಳು ಕೆಮ್ಮಿದಾಗ ಹೊರಬಂದು ತಮ್ಮ ಗುರುತನ್ನು ತಾವೇ ಹೇಳುತ್ತವೆ. ಚಿಕ್ಕ ಮಕ್ಕಳಲ್ಲಿ ಒಂದೇ ಹೊಳ್ಳೆಯಿಂದ ದುರ್ವಾಸನೆಯ ಸಿಂಬಳ ಸುರಿಯುತ್ತಿದ್ದರೆ ಕಡಲೆಯೋ ಮಣಿಯೋ ಒಳಗೆ ಕೂತಿದೆ ಎಂದು ಮೊದಲು ಶಂಕಿಸಬೇಕು.

ಬಾಯಿ ಎಷ್ಟು ಶುಚಿಯಾಗಿದ್ದರೂ ಹೋಗದ ವಾಸನೆಗಳೂ ಇವೆ, ಅವು ರಕ್ತದಿಂದ ಶ್ವಾಸಕೋಶದ ಮೂಲಕ ಬರುವಂಥವು. ಬೆಳ್ಳುಳ್ಳಿಯ ಅಲೈಲ್ ಮೀಥೈಲ್ ಸಲ್ಫೈಡ್ ಕರುಳಿನಿಂದ ರಕ್ತ ಸೇರಿ ಗಂಟೆಗಟ್ಟಲೆ ಉಸಿರಿನಲ್ಲಿ ಹೊರಬರುತ್ತದೆ. ಬ್ರಷ್ ಮಾಡಿ ಅದನ್ನು ಓಡಿಸಲಾಗದು. ಏಕಾದಶಿಯ ಉಪವಾಸದಲ್ಲಿ, ಅನ್ನ, ರೊಟ್ಟಿ ಬಿಟ್ಟು ಕೊಬ್ಬನ್ನೇ ಹೆಚ್ಚು ತಿನ್ನುವ ಈಗಿನ ಕೀಟೋ ಆಹಾರಕ್ರಮದಲ್ಲಿ ಉಸಿರಿಗೆ ಅಸಿಟೋನ್ ವಾಸನೆ ಬರುವುದುಂಟು. ಮಧುಮೇಹಿಗಳಲ್ಲಿ ಇದೇ ಹಣ್ಣಿನಂಥ ವಾಸನೆಯ ಜೊತೆ ವಾಂತಿ, ಏದುಸಿರು, ಮಂಪರು ಕಂಡರೆ ತಡಮಾಡದೆ ತುರ್ತು ಚಿಕಿತ್ಸೆಗೆ ಒಯ್ಯಬೇಕು. ಮೂತ್ರಪಿಂಡ, ಯಕೃತ್ತು ಸೋತಾಗಲೂ ಉಸಿರು ಬದಲಾಗುತ್ತದೆ, ಆದರೆ ಅಷ್ಟರಲ್ಲಿ ಬೇರೆ ಲಕ್ಷಣಗಳು ಕಾಣಿಸಿಕೊಂಡಿರುತ್ತವೆ.

ತನ್ನ ಬಾಯಿಯ ವಾಸನೆ ತನಗೆ ತಿಳಿಯದು, ಏಕೆಂದರೆ ಸದಾ ಇರುವ ವಾಸನೆಗೆ ಮೂಗು ಒಗ್ಗಿಹೋಗಿರುತ್ತದೆ. ಅಂಗೈಗೆ ಊದಿ ಮೂಸುವುದು ನೆಚ್ಚತಕ್ಕ ಪರೀಕ್ಷೆಯಲ್ಲ. ನಾಲಿಗೆಯ ಹಿಂಭಾಗವನ್ನು ಚಮಚದಿಂದ ಸವರಿ, ಕೆಲವು ಸೆಕೆಂಡು ಬಿಟ್ಟು ಮೂಸಿ ನೋಡಬಹುದು. ದವಡೆಯ ಸಂದಿನಲ್ಲಿ ಆಡಿಸಿದ ಫ್ಲಾಸ್ ದಾರವೂ ನಿಜ ಹೇಳುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಮನೆಯವರೊಬ್ಬರನ್ನು ನೇರವಾಗಿ ಕೇಳುವುದು. ಗಂಧಕದ ಅನಿಲಗಳನ್ನು ಅಳೆಯುವ ಯಂತ್ರಗಳಿದ್ದರೂ, ತರಬೇತಾದ ವೈದ್ಯರು ಮೂಸಿ 0ಯಿಂದ 5ರವರೆಗೆ ಅಂಕ ಕೊಡುವ ವಿಧಾನವೇ ಇಂದಿಗೂ ಮಾನದಂಡ. ಹೋಗಬೇಕಾದದ್ದು ಮೊದಲು ದಂತವೈದ್ಯರ ಬಳಿಗೆ. ಖಾಸಗಿ ಕ್ಲಿನಿಕ್ಕಿನ ಖರ್ಚು ಭಾರವೆನಿಸುವವರಿಗೆ ನಗರದ ಕೋಟೆ ಪ್ರದೇಶದಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ.

ಚಿಕಿತ್ಸೆಯಲ್ಲಿ ಗುಟ್ಟೇನೂ ಇಲ್ಲ. ಗಾರೆ ತೆಗೆಸುವುದು, ಹುಳುಕು ತುಂಬಿಸುವುದು, ಆಹಾರ ಸಿಕ್ಕಿಕೊಳ್ಳುವ ಕ್ಯಾಪನ್ನು ಬದಲಿಸುವುದು, ಹಲ್ಲುಸೆಟ್ಟನ್ನು ರಾತ್ರಿ ತೆಗೆದು ತೊಳೆದಿಡುವುದು, ಸಂದುಗಳಿಗೆ ಫ್ಲಾಸ್ ಅಥವಾ ಸಣ್ಣ ಬ್ರಷ್ಷು ಬಳಸುವುದು, ಒಣಬಾಯಿಯವರು ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಜಗಿದು ಜೊಲ್ಲು ಹೆಚ್ಚಿಸಿಕೊಳ್ಳುವುದು. ಮೌತ್‌ವಾಶ್ ಕೊಳ್ಳುವವರು ಬಣ್ಣ ನೋಡುವ ಬದಲು ಚೀಟಿಯಲ್ಲಿ ಸತು (ಜಿಂಕ್) ಇದೆಯೇ ಎಂದು ನೋಡಬೇಕು. ಸತುವಿನ ಅಯಾನುಗಳು ಗಂಧಕವನ್ನು ಹಿಡಿದು ಆವಿಯಾಗದಂತೆ ಮಾಡುತ್ತವೆ. ಕ್ಲೋರ್‌ಹೆಕ್ಸಿಡಿನ್ ಎಂಬ ಔಷಧವಿರುವ ಮೌತ್‌ವಾಶ್ ಬ್ಯಾಕ್ಟೀರಿಯಾಗಳನ್ನು ಚೆನ್ನಾಗಿಯೇ ತಗ್ಗಿಸುತ್ತದೆ, ಆದರೆ ಎರಡು ವಾರ ಮೀರಿ ಬಳಸಿದರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ, ರುಚಿ ಕೆಡುತ್ತದೆ. ಲವಂಗ, ಏಲಕ್ಕಿ, ಸೋಂಪು ಮರೆಮಾಚುವುದಕ್ಕೆ ಸರಿ, ಅದಕ್ಕಿಂತ ಹೆಚ್ಚಿನದನ್ನು ಅವುಗಳಿಂದ ನಿರೀಕ್ಷಿಸಬಾರದು.

ಲೂವೆನ್ನಿನ ಆ ರೋಗಿಗಳಲ್ಲಿ ಸುಮಾರು ಶೇ. 16 ಮಂದಿಗೆ ವಾಸನೆಯೇ ಇರಲಿಲ್ಲ, ಇದೆಯೆಂಬ ನಂಬಿಕೆ ಮಾತ್ರ ಇತ್ತು. ಎದುರಿಗಿದ್ದವರು ಮೂಗು ಮುಟ್ಟಿಕೊಂಡರೆ, ಮೆಟ್ರೋದಲ್ಲಿ ಯಾರೋ ಮುಖ ತಿರುಗಿಸಿದರೆ ಅದು ತಮ್ಮಿಂದಲೇ ಎಂದು ಇಂಥವರು ತೀರ್ಮಾನಿಸುತ್ತಾರೆ. ಹಲವರಿಗೆ ಪರೀಕ್ಷಿಸಿ ವಿವರಿಸಿದರೆ ಸಮಾಧಾನವಾಗುತ್ತದೆ, ಕೆಲವರಿಗೆ ಯಾವ ಪರೀಕ್ಷೆಯೂ ಸಾಲುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 11ನೇ ರೋಗ ವರ್ಗೀಕರಣ ಈ ಎರಡನೆಯವರ ಸ್ಥಿತಿಯನ್ನು ಗೀಳಿಗೆ ಸಂಬಂಧಿಸಿದ ಕಾಯಿಲೆಗಳ ಸಾಲಿನಲ್ಲಿ ಸೇರಿಸಿದೆ. ಅವರನ್ನು ನಾಲ್ಕನೆಯ ದಂತವೈದ್ಯರ ಬಳಿಗೆ ಕಳಿಸುವುದಕ್ಕಿಂತ ನಿಮ್ಹಾನ್ಸ್‌ಗೋ ಪರಿಚಯದ ಮನೋವೈದ್ಯರಲ್ಲಿಗೋ ಮನೆಯವರೇ ಜೊತೆಗೆ ಹೋಗಿ ತೋರಿಸುವುದು ಮೇಲು.