ಡ್ಯಾಟ್ ಯಂತ್ರ: ತಿದ್ದಬಹುದಾದ ಗುಂಡಿಗಳು, ತಿದ್ದಲಾಗದ ಗುಂಡಿಗಳು

ಡ್ಯಾಟ್ (ಡಿಜಿಟಲ್ ಆಡಿಯೋ ಟೇಪ್, ಅಂದರೆ ಧ್ವನಿಯನ್ನು ಅಂಕಿಗಳಾಗಿ ಬರೆದಿಡುವ ಪುಟ್ಟ ಕ್ಯಾಸೆಟ್ಟು) ಹಿಡಿದುಕೊಂಡು ಸ್ಟುಡಿಯೋಗೆ ಬರುವವರು ಈಚೆಗೆ ಹೆಚ್ಚಾಗಿದ್ದಾರೆ. ಸಂಗೀತ ಸಭೆಯವರು, ಭಾವಗೀತೆ ಕ್ಯಾಸೆಟ್ಟುಗಳ ಕಾಲದ ನಿರ್ಮಾಪಕರು, ಅಪ್ಪನದೋ ಗುರುಗಳದೋ ಕಛೇರಿ ಉಳಿಸಿಕೊಳ್ಳಬೇಕೆನ್ನುವವರು. ಕೆಲವರು ಯಂತ್ರವನ್ನೂ ಎಲ್ಲಿಂದಲೋ ಹುಡುಕಿ ತಂದಿರುತ್ತಾರೆ. ಹೆಚ್ಚಾಗಿ ಪ್ಯಾನಸಾನಿಕ್ ಎಸ್‌ವಿ-3700 ಅಥವಾ ಟ್ಯಾಸ್ಕಾಮ್ ಡಿಎ-30, ಅಪರೂಪಕ್ಕೆ ಸೋನಿಯ ದೊಡ್ಡ ಪಿಸಿಎಂ-7030. ಮುಂಭಾಗದ ತುಂಬ ಗುಂಡಿಗಳು. ಅದನ್ನು ನೋಡಿ ಅವರು ಕೇಳುವುದು ಒಂದೇ: "ಇದರಲ್ಲಿ ಯಾವುದನ್ನು ಮುಟ್ಟಬಾರದು ಸಾರ್?"

ಪ್ರಶ್ನೆ ಸರಿಯಾಗಿಯೇ ಇದೆ. ಈ ಯಂತ್ರದ ಗುಂಡಿಗಳಲ್ಲಿ ಎರಡು ಜಾತಿ. ಒಂದು ಜಾತಿ ಧ್ವನಿಯನ್ನು ಮುಟ್ಟುತ್ತದೆ, ಅಲ್ಲಿ ಆದ ತಪ್ಪು ಟೇಪಿನಲ್ಲೇ ಉಳಿಯುತ್ತದೆ. ಇನ್ನೊಂದು ಜಾತಿ ಧ್ವನಿಯ ಪಕ್ಕದಲ್ಲಿ ಬರೆದಿಟ್ಟ ಗುರುತುಗಳನ್ನು ಮಾತ್ರ ಮುಟ್ಟುತ್ತದೆ, ಅದನ್ನು ಎಷ್ಟು ಸಲ ಬೇಕಾದರೂ ಅಳಿಸಿ ಬರೆಯಬಹುದು. ಯಾವ ಗುಂಡಿ ಯಾವ ಜಾತಿಯದು ಎಂದು ಗೊತ್ತಾದರೆ ಅರ್ಧ ಭಯ ಹೋಗುತ್ತದೆ.

ಇದು ಹೇಗೆ ಸಾಧ್ಯ ಎಂದು ತಿಳಿಯಲು ಟೇಪನ್ನೇ ಸ್ವಲ್ಪ ಹತ್ತಿರದಿಂದ ನೋಡಬೇಕು. 1987ರಲ್ಲಿ ಸೋನಿ ಮಾರುಕಟ್ಟೆಗೆ ತಂದ ಈ ವ್ಯವಸ್ಥೆಯಲ್ಲಿ ಟೇಪಿನ ಅಗಲ 4 ಮಿಲಿಮೀಟರಿಗೂ ತುಸು ಕಡಿಮೆ. ಅದು ಸೆಕೆಂಡಿಗೆ 8.15 ಮಿಲಿಮೀಟರಿನಷ್ಟು ನಿಧಾನವಾಗಿ ಸಾಗುತ್ತದೆ. ಹೆಡ್ಡುಗಳು ಕೂತಿರುವ ಡ್ರಮ್ಮು ಮಾತ್ರ ನಿಮಿಷಕ್ಕೆ 2000 ಸುತ್ತು ತಿರುಗುತ್ತದೆ. ವಿಸಿಆರ್‌ನಲ್ಲಿ ಇದ್ದ ಹಾಗೆಯೇ ಇಲ್ಲೂ ಧ್ವನಿ ಓರೆ ಗೆರೆಗಳಾಗಿ ಬೀಳುತ್ತದೆ. ಒಂದೊಂದು ಗೆರೆಯ ಅಗಲ 13.6 ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪದಲ್ಲಿ ಇಂಥ ಐದು ಗೆರೆ ಹಿಡಿಯುತ್ತವೆ. ಪ್ರತಿ ಗೆರೆಯ ನಡುಭಾಗದಲ್ಲಿ ಧ್ವನಿಯ ಅಂಕಿಗಳು, ಎರಡು ತುದಿಗಳಲ್ಲಿ ಸಬ್‌ಕೋಡ್ ಎಂಬ ಪ್ರತ್ಯೇಕ ಜಾಗ. ಹಾಡಿನ ನಂಬರು, ಶುರುವಿನ ಗುರುತು, ಟೇಪಿನ ಗಡಿಯಾರ ಎಲ್ಲ ಇರುವುದು ಆ ತುದಿಗಳಲ್ಲಿ. ಯಂತ್ರ ನಡುಭಾಗವನ್ನು ಓದುತ್ತಲೇ ತುದಿಗಳನ್ನು ಮಾತ್ರ ಹೊಸದಾಗಿ ಬರೆಯಬಲ್ಲದು. ಹಳೆಯ ಸ್ಪೂಲ್ ಟೇಪಿನಲ್ಲೂ ಕ್ಯಾಸೆಟ್ಟಿನಲ್ಲೂ ಇಂಥ ಅನುಕೂಲ ಇರಲಿಲ್ಲ.

ಮೊದಲು ತಿದ್ದಲಾಗದ್ದು. ಅದರಲ್ಲೂ ಲೆವೆಲ್, ಅಂದರೆ ಟೇಪಿಗೆ ಇಳಿಯುವ ಸದ್ದಿನ ಮಟ್ಟ.

ಅನಲಾಗ್ ಟೇಪಿನಲ್ಲಿ ಕೈ ಪಳಗಿಸಿಕೊಂಡವರಿಗೆ ಸೂಜಿ ಸೊನ್ನೆಯನ್ನು ದಾಟಿ ಕೆಂಪಿಗೆ ಹೋಗುವುದು ಸಹಜ ಸಂಗತಿ. ಟೇಪು ಆ ಹೆಚ್ಚುವರಿಯನ್ನು ಮೆಲ್ಲಗೆ ನುಂಗಿಕೊಳ್ಳುತ್ತಿತ್ತು, ಕೆಲವೊಮ್ಮೆ ಅದರಿಂದ ದನಿಗೆ ಒಂದು ತುಂಬಿದ ಗುಣವೂ ಬರುತ್ತಿತ್ತು. ಡ್ಯಾಟ್‌ನ ಮೀಟರಿನಲ್ಲಿ ಸೊನ್ನೆ ಎಂದರೆ ಛಾವಣಿ. ಅದರ ಮೇಲೆ ಅಂಕಿಯೇ ಇಲ್ಲ. ಮೃದಂಗದ ಒಂದು ಏಟು ಸೊನ್ನೆಗೆ ಹೊಡೆದರೆ ಅಲೆಯ ತಲೆ ಕತ್ತರಿಸಿಹೋಗುತ್ತದೆ, 'ಚಟ್' ಎಂಬ ಒಣ ಸದ್ದು ಶಾಶ್ವತವಾಗಿ ಉಳಿಯುತ್ತದೆ. ಆದ್ದರಿಂದಲೇ ಮಿಕ್ಸರಿನ ಸೊನ್ನೆಯನ್ನು ಡ್ಯಾಟ್‌ನ ಸೊನ್ನೆಗೆ ಹೊಂದಿಸಬಾರದು. ಯುರೋಪಿನ ಪ್ರಸಾರದವರು ಅದನ್ನು ಸೊನ್ನೆಗಿಂತ 18 ಡೆಸಿಬೆಲ್ ಕೆಳಗೆ ಇಟ್ಟರು, ಅಮೆರಿಕದಲ್ಲಿ 20 ಡೆಸಿಬೆಲ್ ಕೆಳಗಿಡುವ ರೂಢಿ. ಯಾವುದಾದರೂ ಸರಿ, ಒಂದನ್ನು ಹಿಡಿದು ಟೇಪಿನ ಶುರುವಿನಲ್ಲಿ ಆ ಮಟ್ಟದ ಟೋನ್ (ಒಂದೇ ಸಮನೆ ನಿಲ್ಲುವ ಸ್ವರ) ಹಾಕಿಡಬೇಕು.

ಕಛೇರಿಯಲ್ಲಿ ಇದು ಹೇಗೆ ನಡೆಯುತ್ತದೆ ನೋಡಿ. ಸಂಜೆ ಸೌಂಡ್ ಚೆಕ್‌ಗೆ ಮೃದಂಗ ವಿದ್ವಾಂಸರು ಬಂದು ಕೂತು ನಾಲ್ಕು ಫರಣು ನುಡಿಸಿ "ಸಾಕೇನಪ್ಪ?" ಎನ್ನುತ್ತಾರೆ. ಆಗಿನ ಕೈ ಬೇರೆ, ತನಿ ಆವರ್ತನದ ಕೈ ಬೇರೆ. ಗಾಯಕರೂ ಅಷ್ಟೆ, ವರ್ಣದಲ್ಲಿ ಇದ್ದ ದನಿ ತಾರ ಷಡ್ಜದ ನಿರವಲ್‌ಗೆ ಬರುವಾಗ ಎಲ್ಲಿಗೋ ಏರಿರುತ್ತದೆ. ಹಾಗಾಗಿ ಸೌಂಡ್ ಚೆಕ್‌ನ ಅತಿ ದೊಡ್ಡ ಏಟು ಸೊನ್ನೆಗಿಂತ 12ರಿಂದ 15 ಡೆಸಿಬೆಲ್ ಕೆಳಗೆ ನಿಲ್ಲುವ ಹಾಗೆ ಇನ್‌ಪುಟ್ ಗುಂಡಿ ತಿರುಗಿಸಿ ಅಲ್ಲಿಗೆ ಕೈ ಬಿಡಬೇಕು. "ಇಷ್ಟು ಕಡಿಮೆಯೇ? ಹಿಸ್ ಬರಲ್ವಾ?" ಎಂದು ಕ್ಯಾಸೆಟ್ಟಿನ ಅಭ್ಯಾಸದವರು ಕೇಳುತ್ತಾರೆ. ಡ್ಯಾಟ್ ಧ್ವನಿಯ ಒಂದೊಂದು ಅಳತೆಯನ್ನೂ 16 ಬಿಟ್‌ನಲ್ಲಿ, ಅಂದರೆ 16 ಸೊನ್ನೆ-ಒಂದುಗಳಲ್ಲಿ ಬರೆಯುತ್ತದೆ. ಅದರ ವ್ಯಾಪ್ತಿ ಲೆಕ್ಕದಲ್ಲಿ 96 ಡೆಸಿಬೆಲ್‌ಗೂ ಮಿಗಿಲು. ಅದರಲ್ಲಿ 15 ಬಿಟ್ಟುಕೊಟ್ಟರೂ ಉಳಿಯುವುದು, ಫ್ಯಾನು ತಿರುಗುವ, ಬಾಗಿಲು ಕಿರುಗುಟ್ಟುವ ನಮ್ಮ ಸಭಾಂಗಣಗಳ ಗದ್ದಲಕ್ಕಿಂತ ಎಷ್ಟೋ ಉತ್ತಮ. ಅನೇಕ ಯಂತ್ರಗಳಲ್ಲಿ ಮಾರ್ಜಿನ್ ಎಂಬ ಅಂಕಿ ಕಾಣುತ್ತದೆ. ಈವರೆಗಿನ ಅತಿ ದೊಡ್ಡ ಸದ್ದಿಗೂ ಛಾವಣಿಗೂ ನಡುವೆ ಎಷ್ಟು ಜಾಗ ಉಳಿದಿದೆ ಎಂದು ಅದು ಹೇಳುತ್ತದೆ. ಕುಣಿಯುವ ಪಟ್ಟಿಗಿಂತ ನಾನು ಆ ಅಂಕಿಯನ್ನೇ ನಂಬುತ್ತೇನೆ. ಸೌಂಡ್ ಚೆಕ್ ಮುಗಿದ ಮೇಲೆ ಅದನ್ನು ರೀಸೆಟ್ ಮಾಡಿದರೆ ಕಛೇರಿಯ ಲೆಕ್ಕ ಬೇರೆಯಾಗಿ ಸಿಗುತ್ತದೆ.

ಇನ್‌ಪುಟ್ ಸ್ವಿಚ್ ಡಿಜಿಟಲ್ ಕಡೆಗಿದ್ದರೆ ಬಹುತೇಕ ಯಂತ್ರಗಳಲ್ಲಿ ಲೆವೆಲ್ ಗುಂಡಿ ತಿರುಗಿಸಿ ಪ್ರಯೋಜನವಿಲ್ಲ. ಅಂಕಿಗಳು ಬಂದಂತೆಯೇ ಟೇಪಿಗೆ ಇಳಿಯುತ್ತವೆ. "ಗುಂಡಿ ಕೆಟ್ಟಿದೆ" ಎಂದು ರಿಪೇರಿಗೆ ಬಂದ ಯಂತ್ರಗಳಲ್ಲಿ ಈ ಸ್ವಿಚ್ಚೇ ಕಾರಣವಾಗಿದ್ದುದನ್ನು ಕಂಡಿದ್ದೇನೆ.

ತಿದ್ದಲಾಗದ ಎರಡನೆಯದು ಸ್ಯಾಂಪ್ಲಿಂಗ್ ದರ, ಅಂದರೆ ಯಂತ್ರ ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆದು ಅಂಕಿ ಮಾಡುತ್ತದೆ ಎಂಬುದು. 48, 44.1 ಮತ್ತು 32 ಕಿಲೋಹರ್ಟ್ಜ್ ಎಂಬ ಮೂರು ಆಯ್ಕೆ. ಸಿ.ಡಿ. ಆಗುವ ಕೆಲಸ 44.1, ಉಳಿದದ್ದು 48 ಎಂಬುದು ಸಾಮಾನ್ಯ ಕ್ರಮ. 32ರಲ್ಲಿ ಲಾಂಗ್ ಪ್ಲೇ ಎಂಬುದೊಂದಿದೆ. 120 ನಿಮಿಷದ ಟೇಪಿನಲ್ಲಿ 240 ನಿಮಿಷ ಹಿಡಿಯುತ್ತದೆ, ಆದರೆ 12 ಬಿಟ್‌ಗೆ ಇಳಿಸಿ. ಭಾಷಣಕ್ಕೆ ಆದೀತು, ಸಂಗೀತಕ್ಕೆ ಬೇಡ. ಹಾಗೆಯೇ 180 ನಿಮಿಷದ ತೆಳು ಟೇಪೂ ಬೇಡ. ತಾಳಮದ್ದಳೆ ಇಡೀ ರಾತ್ರಿ ನಡೆಯುತ್ತದೆಂದು ತೆಳು ಟೇಪು ಹಾಕುವುದಕ್ಕಿಂತ ಎರಡು ಯಂತ್ರ ಇಟ್ಟುಕೊಂಡು ಒಂದರ ಟೇಪು ಮುಗಿಯುವ ಮೊದಲೇ ಇನ್ನೊಂದನ್ನು ಶುರು ಮಾಡುವುದು ಲೇಸು.

ಈಗ ರೆಕಾರ್ಡ್ ಗುಂಡಿ. ಅದನ್ನು ಒತ್ತಿ ಪಾಜ್‌ನಲ್ಲಿ (ತಾತ್ಕಾಲಿಕ ತಡೆಯಲ್ಲಿ) ಇಟ್ಟರೆ ಯಂತ್ರ ಸುಮ್ಮನಿದೆ ಎನಿಸುತ್ತದೆ. ಒಳಗೆ ಡ್ರಮ್ಮು ಅದೇ 2000 ಸುತ್ತಿನಲ್ಲಿ ತಿರುಗುತ್ತ ಟೇಪಿನ ಒಂದೇ ಜಾಗವನ್ನು ಉಜ್ಜುತ್ತಿರುತ್ತದೆ. ಸ್ವಾಗತ ಭಾಷಣ, ಹಾರ ತುರಾಯಿ ಎಲ್ಲ ಮುಗಿಯುವವರೆಗೆ ಹಾಗೆ ನಿಲ್ಲಿಸಬಾರದು. ಎಷ್ಟೋ ಯಂತ್ರಗಳು ಕೆಲವು ನಿಮಿಷ ನೋಡಿ ತಾವೇ ಸ್ಟಾಪ್ ಆಗುತ್ತವೆ. ಆಗ ಗಾಯಕರು ಶುರು ಮಾಡಿದ ಮೇಲೆ ನೀವು ಮತ್ತೆ ರೆಕಾರ್ಡ್ ಶುರು ಮಾಡಿದರೆ ಟೇಪು ಸುತ್ತಿಕೊಂಡು ಸಿದ್ಧವಾಗುವಷ್ಟರಲ್ಲಿ ಮೊದಲ ಸಾಲು ಹೋಗಿರುತ್ತದೆ. ಟೇಪು ಉಳಿಸುವ ಯೋಚನೆ ಬಿಟ್ಟು ಐದು ನಿಮಿಷ ಮೊದಲೇ ಓಡಿಸಿಬಿಡಿ.

ಮಾನಿಟರ್ ಬಗ್ಗೆ ಒಂದು ಮಾತು. ಎರಡು ಹೆಡ್ಡಿನ ಯಂತ್ರದಲ್ಲಿ ರೆಕಾರ್ಡ್ ಆಗುವಾಗ ಹೆಡ್‌ಫೋನಿನಲ್ಲಿ ಕೇಳುವುದು ಒಳಬರುವ ಸದ್ದು, ಟೇಪಿಗೆ ಬಿದ್ದದ್ದಲ್ಲ. ಹೆಡ್ಡಿನ ಮೇಲೆ ಕೊಳೆ ಕೂತು ಏನೂ ಬೀಳದಿದ್ದರೂ ನಿಮಗೆ ಚೆನ್ನಾಗಿಯೇ ಕೇಳುತ್ತಿರುತ್ತದೆ. ಪಿಸಿಎಂ-7030, ಎಚ್‌ಎಚ್‌ಬಿ ಪೋರ್ಟಾಡ್ಯಾಟ್‌ನಂಥ ನಾಲ್ಕು ಹೆಡ್ಡಿನ ಯಂತ್ರಗಳಲ್ಲಿ ಮಾತ್ರ ಬರೆದದ್ದನ್ನು ಕೂಡಲೇ ಓದಿ ಕೇಳಿಸುವ ಸ್ವಿಚ್ ಇದೆ. ಉಳಿದ ಯಂತ್ರದವರು ಕಛೇರಿಗೆ ಮುಂಚೆ ಒಂದು ನಿಮಿಷ ಬರೆದು, ಹಿಂದಕ್ಕೆ ಸುತ್ತಿ, ಕೇಳಲೇಬೇಕು.

ಇಲ್ಲಿಂದ ಗುರುತುಗಳ ಲೋಕ. ಆದರೆ ಅದರಲ್ಲೂ ಒಂದು ಮಾತ್ರ ತಿದ್ದಲಾಗದ ಪಂಗಡಕ್ಕೇ ಸೇರಿದ್ದು: ಎ-ಟೈಮ್, ಅಂದರೆ ಟೇಪಿನ ಶುರುವಿನಿಂದ ಎಣಿಸುವ ಗಡಿಯಾರ. ಅದು ಧ್ವನಿಯ ಜೊತೆಜೊತೆಗೇ ಬೀಳಬೇಕು. ಸಾಮಾನ್ಯ ಯಂತ್ರಗಳಲ್ಲಿ ಆಮೇಲೆ ಸೇರಿಸಲು ಬರುವುದಿಲ್ಲ. ಯಂತ್ರ ಹಿಂದೆ ಬರೆದ ಕೊನೆಯ ಸಮಯವನ್ನು ಓದಿ ಅಲ್ಲಿಂದ ಮುಂದುವರಿಸುತ್ತದೆ. ನಡುವೆ ಖಾಲಿ ಟೇಪು ಬಿಟ್ಟು ರೆಕಾರ್ಡ್ ಮಾಡಿದರೆ ಓದಲು ಏನೂ ಸಿಗದೆ ಗಡಿಯಾರ ಅಲ್ಲಿಗೇ ನಿಂತುಹೋಗುತ್ತದೆ, ಮುಂದಿನ ಭಾಗಕ್ಕೆಲ್ಲ ಬರೀ ಅಡ್ಡಗೆರೆ. ಮಧ್ಯಂತರದಲ್ಲಿ ಟೇಪು ಹೊರತೆಗೆದು, ಮತ್ತೆ ಹಾಕಿ, "ಸ್ವಲ್ಪ ಮುಂದಕ್ಕೆ ಓಡಿಸಿ" ಶುರು ಮಾಡಿದ ಟೇಪುಗಳಲ್ಲಿ ಹೀಗೇ ಆಗಿರುತ್ತದೆ. ಬದಲಿಗೆ ಎಂಡ್ ಸರ್ಚ್ ಒತ್ತಿದರೆ ಯಂತ್ರವೇ ಹಿಂದಿನ ಧ್ವನಿ ಮುಗಿದ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಹೊಸ ಟೇಪಾದರೆ ಪೂರ್ತಿ ಹಿಂದಕ್ಕೆ ಸುತ್ತಿ, ಅರ್ಧ ನಿಮಿಷ ಮೌನವನ್ನೇ ರೆಕಾರ್ಡ್ ಮಾಡಿ, ಆಮೇಲೆ ಕೆಲಸ ಶುರು. ಮೌನ ಬೇರೆ, ಖಾಲಿ ಬೇರೆ. ಮೌನದಲ್ಲಿ ಗಡಿಯಾರ ಓಡುತ್ತಿರುತ್ತದೆ.

ಸ್ಟಾರ್ಟ್ ಐಡಿ ಮಾತ್ರ ನಿಶ್ಚಿಂತೆಯಿಂದ ಮುಟ್ಟಬಹುದಾದದ್ದು. ಹಾಡು ಎಲ್ಲಿ ಶುರು ಎಂಬ ಈ ಗುರುತು ಟೇಪಿನ ಮೇಲೆ 9 ಸೆಕೆಂಡ್ ಉದ್ದಕ್ಕೆ ಬರೆದುಕೊಳ್ಳುತ್ತದೆ. ಯಂತ್ರ ವೇಗವಾಗಿ ಓಡುವಾಗಲೂ ಅದನ್ನು ಹಿಡಿಯಲಿ ಎಂದು ಅಷ್ಟು ಉದ್ದ. ಆದ್ದರಿಂದ ಒಂದರ ಬೆನ್ನಿಗೇ ಇನ್ನೊಂದನ್ನು ಹಾಕಲು ಬರುವುದಿಲ್ಲ. ಆಟೋ ಎಂಬ ಸ್ಥಿತಿಯಲ್ಲಿ ಯಂತ್ರ ಸದ್ದು ಅಡಗಿ ಮತ್ತೆ ಎದ್ದ ಕಡೆಯೆಲ್ಲ ಗುರುತು ಹಾಕುತ್ತದೆ. ಸ್ಟುಡಿಯೋದಲ್ಲಿ ಮಿಕ್ಸ್ ಆದ ಹಾಡುಗಳಿಗೆ ಇದು ಸೊಗಸಾಗಿ ಒಪ್ಪುತ್ತದೆ. ನಮ್ಮ ಕಛೇರಿಗೆ ಒಪ್ಪುವುದಿಲ್ಲ. ತಂಬೂರಿ ನಿಲ್ಲುವುದೇ ಇಲ್ಲ, ಚಪ್ಪಾಳೆ ಬೇರೆ, ಹಾಗಾಗಿ ಎರಡು ಕೃತಿಗಳ ನಡುವೆ ಯಂತ್ರಕ್ಕೆ ಮೌನವೇ ಸಿಗದು. ಹರಿಕಥೆಯಲ್ಲಿ ಇದರ ಉಲ್ಟಾ: ದಾಸರು ಮಾತಿನ ನಡುವೆ ಒಂದು ಗಳಿಗೆ ತಡೆದಲ್ಲೆಲ್ಲ ಹೊಸ ನಂಬರು. ಮ್ಯಾನ್ಯುಯಲ್‌ನಲ್ಲಿಟ್ಟು, ಕೃತಿ ಶುರುವಾದಾಗ ಗುಂಡಿ ಒತ್ತಿ. ತಡವಾದರೂ ಚಿಂತೆಯಿಲ್ಲ, ಮನೆಗೆ ಬಂದು ಅಳಿಸಿ ಸರಿಯಾದ ಜಾಗದಲ್ಲಿ ಹಾಕಬಹುದು. ಕೊನೆಗೆ ರೀನಂಬರ್ ಒತ್ತಿದರೆ ಯಂತ್ರ ಮೊದಲಿನಿಂದ ಓಡಿ ಎಲ್ಲಕ್ಕೂ ಕ್ರಮವಾಗಿ ನಂಬರು ಕೊಡುತ್ತದೆ. ಇದಕ್ಕೆಲ್ಲ ಕ್ಯಾಸೆಟ್ಟಿನ ಬೆನ್ನಿನ ಪುಟ್ಟ ಜಾರುಮುಚ್ಚಳ ಮುಚ್ಚಿರಬೇಕು ಅಷ್ಟೆ. ತೆರೆದಿದ್ದರೆ ಬರೆಯಲು ಬಿಡದು.

ಸೋನಿ 2005ರಲ್ಲಿ ಡ್ಯಾಟ್ ಯಂತ್ರಗಳನ್ನು ನಿಲ್ಲಿಸುವುದಾಗಿ ಹೇಳಿತು. ಇಂದು ಈ ಯಂತ್ರದಿಂದ ಆಗಬೇಕಾದ ಕೆಲಸವೆಂದರೆ ಇರುವ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವುದು. ಅಲ್ಲಿ ಮೊದಲ ಕೆಲಸ ಆ ಜಾರುಮುಚ್ಚಳವನ್ನು ತೆರೆಯುವುದು. ಆಮೇಲೆ ಯಾವ ಗುಂಡಿ ಒತ್ತಿದರೂ ಧ್ವನಿ ಅಳಿಸಿಹೋಗುವ ಅಪಾಯವಿಲ್ಲ.

ಅನಲಾಗ್ ಔಟ್‌ಪುಟ್ ಬಿಟ್ಟು ಡಿಜಿಟಲ್ ಔಟ್‌ಪುಟ್‌ನಿಂದಲೇ ಇಳಿಸಿ. ಆಗ ಟೇಪಿನ ಅಂಕಿಗಳು ಇದ್ದ ಹಾಗೇ ಬರುತ್ತವೆ. ಕಂಪ್ಯೂಟರಿನ ಆಡಿಯೋ ಇಂಟರ್‌ಫೇಸ್ (ಧ್ವನಿಯನ್ನು ಕಂಪ್ಯೂಟರಿಗೆ ತಲುಪಿಸುವ ಪೆಟ್ಟಿಗೆ) ತನ್ನ ಗಡಿಯಾರವನ್ನು ಬಿಟ್ಟು ಡ್ಯಾಟ್‌ನ ಗಡಿಯಾರವನ್ನು ಹಿಡಿಯಬೇಕು. ಇದು ಎ-ಟೈಮ್ ಅಲ್ಲ, ಅಂಕಿಗಳಿಗೆ ತಾಳ ಹಾಕುವ ಗಡಿಯಾರ. ಕ್ಲಾಕ್ ಎಂಬ ಕಡೆ ಎಕ್ಸ್‌ಟರ್ನಲ್ ಎಂದು ಆರಿಸುವುದು ಇದಕ್ಕೇ. ಇಲ್ಲದಿದ್ದರೆ ಆಗಾಗ ಟಿಕ್ ಟಿಕ್ ಸದ್ದು ಸೇರುತ್ತದೆ. ದರವೂ ಟೇಪಿನದೇ ಇರಲಿ. 48ರ ಟೇಪನ್ನು 44.1 ಎಂದು ಗುರುತಿಸಿದ ಫೈಲಿಗೆ ಇಳಿಸಿದರೆ ಒಂದು ಗಂಟೆಯ ಕಛೇರಿ 65 ನಿಮಿಷ 18 ಸೆಕೆಂಡ್ ಆಗುತ್ತದೆ. ಶ್ರುತಿ ಶುದ್ಧ ರಿಷಭದ ಅಂತರಕ್ಕಿಂತ ಹೆಚ್ಚು, ಚತುಶ್ರುತಿ ರಿಷಭದ ಅಂತರಕ್ಕಿಂತ ಕಡಿಮೆ ಇಳಿಯುತ್ತದೆ. ಗಾಯಕರ ಶ್ರುತಿ ಗೊತ್ತಿಲ್ಲದವರಿಗೆ ದನಿ ತುಸು ಗಡುಸಾಗಿದೆ ಎನ್ನಿಸುವುದೇ ಹೊರತು ತಪ್ಪು ಗೊತ್ತಾಗುವುದಿಲ್ಲ. ಹೀಗೆ ಶ್ರುತಿ ಇಳಿದ ಕಛೇರಿಯನ್ನೇ ಅಸಲು ಎಂದು ಮನೆಮಂದಿ ಕಾಪಿಟ್ಟುಕೊಳ್ಳುವುದು ನನಗೆ ನಿಜಕ್ಕೂ ಸಂಕಟ ತರುತ್ತದೆ.

ಎಂಫಸಿಸ್ ಎಂಬ ಸಣ್ಣ ದೀಪ ಹೊತ್ತಿದೆಯೇ ನೋಡಿ. ಕೆಲವು ಟೇಪುಗಳಲ್ಲಿ ಮೇಲಿನ ಸ್ವರಗಳನ್ನು ಎತ್ತಿ ಬರೆದಿರುತ್ತಾರೆ. ಅನಲಾಗ್ ಔಟ್‌ಪುಟ್‌ನಲ್ಲಿ ಯಂತ್ರವೇ ಅದನ್ನು ಇಳಿಸಿಕೊಡುತ್ತದೆ. ಡಿಜಿಟಲ್‌ನಲ್ಲಿ ಆ ಕೆಲಸ ಕಂಪ್ಯೂಟರಿನಲ್ಲಿ ಆಗಬೇಕು. ಆಗದಿದ್ದರೆ ಪಿಟೀಲು ಕೀರಲು ಕೀರಲಾಗಿ ಕೇಳುತ್ತದೆ.

ಎರರ್ ತೋರಿಸುವ ಯಂತ್ರ ಸಿಕ್ಕಿದರೆ ಅದನ್ನೇ ಬಳಸಿ. ಓದುವಾಗ ಸಣ್ಣಪುಟ್ಟ ತಪ್ಪು ಸದಾ ಇರುತ್ತದೆ, ಯಂತ್ರ ಅವನ್ನು ಲೆಕ್ಕ ಹಾಕಿ ಪೂರ್ತಿ ಸರಿಪಡಿಸುತ್ತದೆ. ಅದು ಕೈಮೀರಿದರೆ ಅಕ್ಕಪಕ್ಕದ ಅಂಕಿ ನೋಡಿ ಊಹಿಸಿ ತುಂಬುತ್ತದೆ. ಅದೂ ಆಗದಿದ್ದರೆ ಸದ್ದನ್ನೇ ನಿಲ್ಲಿಸುತ್ತದೆ. ಕಿವಿಗೆ ಗೊತ್ತಾಗುವುದು ಹೆಚ್ಚಾಗಿ ಮೂರನೆಯದು ಮಾತ್ರ. ಊಹಿಸಿ ತುಂಬಿದ ಕಡೆ ಅಂಕಿ ಏರಿದ್ದನ್ನು ಕಂಡರೆ ಎ-ಟೈಮ್ ಬರೆದುಕೊಂಡು, ಹೆಡ್ಡು ಸ್ವಚ್ಛ ಮಾಡಿಸಿ, ಆ ಭಾಗವನ್ನು ಇನ್ನೊಮ್ಮೆ ಇಳಿಸಿ. ಅದೂ ಸರಿಹೋಗದಿದ್ದರೆ ಬೇರೆ ಯಂತ್ರದಲ್ಲಿ ಹಾಕಿ ನೋಡಿ. ಒಂದು ಯಂತ್ರ ಓದದ ಟೇಪನ್ನು ಇನ್ನೊಂದು ಸಲೀಸಾಗಿ ಓದುವುದು ಈ ಕೆಲಸದಲ್ಲಿ ದಿನನಿತ್ಯದ ಮಾತು. ಬರೆದ ಯಂತ್ರದ ಗೆರೆಗಳ ಓರೆ ಎಷ್ಟಿತ್ತೋ ಅದಕ್ಕೆ ಹತ್ತಿರದ ಯಂತ್ರ ಬೇಕಾಗುತ್ತದೆ.

ಕರಾವಳಿ, ಮಲೆನಾಡಿನಿಂದ ಬಂದ ಟೇಪುಗಳ ವಿಷಯದಲ್ಲಿ ಮಾತ್ರ ಅವಸರ ಬೇಡ. ಮುಚ್ಚಳ ಎತ್ತಿ ದೀಪದ ಬೆಳಕಿನಲ್ಲಿ ಟೇಪಿನ ಅಂಚು ನೋಡಿ. ಬಿಳಿ ಪುಡಿಯಂತೆ ಬೂಷ್ಟು ಕಂಡರೆ ಯಂತ್ರಕ್ಕೆ ಹಾಕಲೇಬೇಡಿ, ಆ ಟೇಪೂ ಹೋಗುತ್ತದೆ, ಮುಂದೆ ಹಾಕುವ ಟೇಪುಗಳಿಗೂ ಅದು ಅಂಟುತ್ತದೆ. ಮಳೆಗಾಲದಲ್ಲಿ ಡ್ಯೂ ಎಂಬ ದೀಪ ಹೊತ್ತಿದರೆ ಡ್ರಮ್ಮಿನ ಮೇಲೆ ತೇವ ಕೂತಿದೆ ಎಂದು ಅರ್ಥ. ಟೇಪಿಲ್ಲದೆ ಯಂತ್ರವನ್ನು ಆನ್ ಮಾಡಿ ಒಂದೆರಡು ಗಂಟೆ ಬಿಟ್ಟುಬಿಡಿ, ಹೇರ್ ಡ್ರೈಯರ್ ಹಿಡಿಯಬೇಡಿ.

ಕೆಲಸ ಮುಗಿದ ಮೇಲೆ ನಡುವೆ ಎಲ್ಲೋ ನಿಲ್ಲಿಸಿ ಇಜೆಕ್ಟ್ ಒತ್ತುವುದೂ ಬೇಡ. ಟೇಪು ಮಡಚಿ ಸುಕ್ಕಾಗುವುದು ಹೆಚ್ಚಾಗಿ ಹೊರಗೆಳೆಯುವ, ಒಳಗೆ ಸುತ್ತುವ ಆ ಗಳಿಗೆಯಲ್ಲಿ. ಪೂರ್ತಿ ಹಿಂದಕ್ಕೆ ಸುತ್ತಿದ್ದರೆ ಸುಕ್ಕು ಬೀಳುವುದು ಶುರುವಿನ ಆ ಅರ್ಧ ನಿಮಿಷದ ಮೌನದ ಮೇಲೆ.